ಸುಭದ್ರಾಬಾಯಿಯ ಶಹ

ವಜೀರಬೀ ಇನ್ನು ಆಡಲಾರಳೇನೋ ಎಂಬ ಚಿಂತೆ ಆ ಬೇಸಿಗೆಯಲ್ಲಿ ನನ್ನ ತಲೆಯಿಂದ ಇಳಿಯಲೇ ಇಲ್ಲ. ಚಿಂತೆ ಮಾಡಲು ಬೇರೆ ವಿಷಯ ಇರಲಿಲ್ಲವೆಂದಲ್ಲ. ಮಗಳು ಮೈತ್ರಿ ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಅಂಗಳದ ತುಂಬ ನೀರಿನ ಡ್ರಮ್ಮುಗಳು. ಎಲ್ಲದಕ್ಕೂ ಮುಚ್ಚಳ ಬಿದ್ದಿದೆಯೇ ಎಂದು ಮೇಲಿಂದ ಮೇಲೆ ಎದ್ದು ಹೋಗಿ ನೋಡುತ್ತಿದ್ದೆ. ಆದರೂ ಮಗುವಿಗೆ ಉಣಿಸುವಾಗ, ಟ್ಯಾಂಕರಿಗೆ ಕಾಯುವಾಗ, ಮನಸ್ಸು ತಿರುಗಿ ಅಲ್ಲಿಗೇ ಬರುತ್ತಿತ್ತು. ಹೈದರಾಬಾದಿನ ಒಂದು ತಗಡಿನ ಶೆಡ್ಡಿನಲ್ಲಿರುವ ವಜೀರಬೀ, ಭಾಲ್ಕಿಯಲ್ಲಿರುವ ನಮ್ಮ ಅತ್ತೆಯ ಜೊತೆ ಚದುರಂಗ ಆಡುವುದನ್ನು ಬಿಟ್ಟಿದ್ದಳು. ಬಿಡಲು ಕಾರಣ ನಾನು ಎಂದು ನಂಬಿದ್ದಳು.

ನಮ್ಮ ಅತ್ತೆಯ ಹೆಸರು ಸುಭದ್ರಾಬಾಯಿ. ಹುಟ್ಟಿದ್ದು ಔರಾದದಲ್ಲಿ. ಅವರ ಅಪ್ಪ ಅಲ್ಲಿಯ ದನದ ದವಾಖಾನೆಯಲ್ಲಿ ಕಂಪೌಂಡರು. ಮಧ್ಯಾಹ್ನ ದನಗಳು ಬರುವುದು ನಿಂತ ಮೇಲೆ ಡಾಕ್ಟರರೂ ಕಂಪೌಂಡರರೂ ಬೇವಿನ ನೆರಳಿಗೆ ಮಣೆ ಹಾಕಿ ಕೂಡುತ್ತಿದ್ದರಂತೆ. ಬುತ್ತಿ ತಂದ ಹುಡುಗಿ ಖಾಲಿ ಡಬ್ಬಿಗೆ ಕಾಯುತ್ತ ಕೂತು ನೋಡಿ ನೋಡಿ ಆಟ ಕಲಿತಳು. ಡಾಕ್ಟರರಿಗೆ ವರ್ಗವಾಯಿತು. ಅವರು ಹೋಗುವಾಗ ಮಣೆಯನ್ನೂ ಕಾಯಿಗಳನ್ನೂ ಕಂಪೌಂಡರರಿಗೆ ಬಿಟ್ಟು ಹೋದರು. ಕಂಪೌಂಡರರಿಗೆ ಎದುರು ಕೂಡಲು ಮಗಳಲ್ಲದೆ ಬೇರೆ ಯಾರೂ ಇರಲಿಲ್ಲ. ಬಿಳಿಯ ಆನೆಗಳಲ್ಲಿ ಒಂದು ಎಂದೋ ಕಳೆದು, ಅದರ ಜಾಗದಲ್ಲಿ ಔಷಧಿ ಬಾಟಲಿಯ ಬೂಚು ನಿಲ್ಲುತ್ತಿತ್ತು. ಆ ಬೂಚು ಇವತ್ತಿಗೂ ನಮ್ಮ ಮನೆಯಲ್ಲಿದೆ. ಮೈತ್ರಿ ಅದನ್ನು ನುಂಗಿಬಿಟ್ಟಾಳೆಂದು ನಾನು ಕಾಯಿಗಳ ಡಬ್ಬಿಯನ್ನು ಗೋಡೆಯ ಮೇಲಿನ ಗೂಡಿನಲ್ಲಿ, ಕೈಗೆ ಸಿಗದ ಕಡೆ ಇಟ್ಟಿದ್ದೇನೆ.

ಮದುವೆಯಾಗಿ ಭಾಲ್ಕಿಗೆ ಬರುವಾಗ ಅತ್ತೆ ಆ ಡಬ್ಬಿಯನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಂದರು. ಮಾವನವರು ಬಸ್ ಕಂಡಕ್ಟರು. ಅವರಿಗೆ ಈ ಆಟ ಹತ್ತಲಿಲ್ಲ. ಇಷ್ಟು ಹೊತ್ತು ಸುಮ್ಮನೆ ಕೂತು ಏನು ನೋಡುತ್ತೀ ಎಂದು ಕೇಳುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಅತ್ತೆ ಸಾಲಿಯ ಬಿಸಿಯೂಟದಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಊಟದ ಸಾಲು ಬಿಟ್ಟು ಓಡುವ ಮಕ್ಕಳನ್ನು ಒಂದೇ ಕೂಗಿಗೆ ತಿರುಗಿ ಕೂಡಿಸುವ ದನಿ ಅವರದು. ಮನೆಯಲ್ಲಿ ಮೆಲ್ಲಗೆ ಮಾತಾಡಿದರೂ ಓಣಿಗೆ ಕೇಳುತ್ತದೆ.

ವಜೀರಬೀ ಪಕ್ಕದ ಮನೆಯವಳು. ತವರು ಕಮಲನಗರ. ಕೌದಿ ಹೊಲಿಯುವುದು ಅವಳ ಕೆಲಸ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಮಧ್ಯಾಹ್ನ ಒಬ್ಬರೇ ಎರಡೂ ಕಡೆಯ ಕಾಯಿ ನಡೆಸುತ್ತ ಕೂತಿದ್ದಾಗ ನಡುವಿನ ಗೋಡೆಯ ಮೇಲೆ ಒಂದು ಮುಖ ಕಂಡಿತಂತೆ.

"ಒಬ್ಬಾಕಿನೇ ಎರಡೂ ಕಡಿ ಆಡಿದ್ರ ಮೋಸ ಯಾರಿಗಿ ಮಾಡ್ತಿ, ವೈನಿ?" ಎಂದಿತ್ತು ಆ ಮುಖ.

ಅಣ್ಣಂದಿರ ಜೊತೆ ಆಡಿ ಬೆಳೆದವಳು ವಜೀರಬೀ. ಔರಾದದ ಆಟಕ್ಕೂ ಕಮಲನಗರದ ಆಟಕ್ಕೂ ಹೆಚ್ಚು ಫರಕಿರಲಿಲ್ಲ. ಎರಡೂ ಕಡೆ ಹಳೆಯ ಪದ್ಧತಿ: ಸಿಪಾಯಿ ಮೊದಲ ಸಲವೂ ಒಂದೇ ಮನೆ ನಡೆಯಬೇಕು, ರಾಜ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯ ಹಾಗೆ ಜಿಗಿಯಬಹುದು. ಬೇರೆಯಾಗಿದ್ದದ್ದು ಒಂದೇ. ಕಮಲನಗರದಲ್ಲಿ, ಎದುರಿನ ರಾಜನಿಗೆ ಪೆಟ್ಟು ತಾಗುವ ಹಾಗೆ ಕಾಯಿ ಇಟ್ಟರೆ ಬಾಯಿಬಿಟ್ಟು "ಶಹ" ಎನ್ನಬೇಕು. ಔರಾದದಲ್ಲಿ ಅಂದರೂ ನಡೆಯುತ್ತಿತ್ತು, ಅನ್ನದಿದ್ದರೂ ನಡೆಯುತ್ತಿತ್ತು. ಮೊದಲ ದಿನ ಅತ್ತೆ ಸುಮ್ಮನೆ ಆನೆ ಸರಿಸಿ ಶಹ ಕೊಟ್ಟರು. ವಜೀರಬೀ ಆ ಆನೆಯನ್ನು ಎತ್ತಿ ಅದು ಮೊದಲಿದ್ದ ಮನೆಯಲ್ಲಿ ತಿರುಗಿ ಇಟ್ಟಳು.

"ಬಾಯಿ ಇಲ್ಲೇನ್ ನಿನಗ? ಹೇಳ್ದೆ ಕೊಟ್ಟಿದ್ದು ಶಹ ಅಲ್ಲ."

ಅಂದಿನಿಂದ ಸುಭದ್ರಾಬಾಯಿ ಹೇಳದೆ ಶಹ ಕೊಟ್ಟಿಲ್ಲ. ಇಬ್ಬರ ಮಕ್ಕಳು ಬೆಳೆದರು, ಮದುವೆಯಾದರು. ಮಧ್ಯಾಹ್ನದ ಆಟ ನಡೆದೇ ಇತ್ತು. ನಾನು ಬೀದರದ ಸಾಲಿಯಲ್ಲಿ ಓದಿದವಳು, ಮಧ್ಯಾಹ್ನ ಮಲಗುವ ಮನೆಯಿಂದ ಬಂದವಳು. ಬಂದ ಹೊಸದರಲ್ಲಿ ಅಂಗಳದಿಂದ "ಶಹ" ಎಂದು ಕೇಳಿದಾಗಲೆಲ್ಲ ಯಾರೋ ಬಿದ್ದರೆಂದು ಎದ್ದು ಓಡುತ್ತಿದ್ದೆ.

ವಜೀರಬೀಯ ಮಗ ಅಬ್ದುಲ ಖಾದರನದು ಬಸ್ ಸ್ಟ್ಯಾಂಡಿನ ಹತ್ತಿರ ಬೋರಿನ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಮಳೆ ತಪ್ಪಿದ ವರ್ಷ ಅವನಿಗೆ ಮೊದಮೊದಲು ಬಿಡುವೇ ಇರಲಿಲ್ಲ. ನೀರಿಲ್ಲದೆ ಒಣ ಎಳೆದು ಎಳೆದು ಮೋಟಾರುಗಳು ಸುಡುತ್ತಿದ್ದವು, ಹಲಬರ್ಗಾದಿಂದೆಲ್ಲ ಟಂಟಂ ಗಾಡಿಯಲ್ಲಿ ಹೇರಿಕೊಂಡು ತರುತ್ತಿದ್ದರು. ಆಮೇಲೆ ಬೋರುಗಳೇ ಬತ್ತಿದವು, ಮೋಟಾರು ತರುವವರು ನಿಂತರು. ಎರಡು ಸಾವಿರದ ಹತ್ತೊಂಬತ್ತರ ಬೇಸಿಗೆ ಹತ್ತುವ ಮೊದಲೇ ಅವನು ಅಂಗಡಿಗೆ ಬೀಗ ಹಾಕಿ, ಹೈದರಾಬಾದಿನಲ್ಲಿ ಕಟ್ಟುತ್ತಿದ್ದ ಒಂದು ದೊಡ್ಡ ಇಮಾರತಿಗೆ ವಾಚಮನ್ ಆಗಿ ಹೋದ. ಹೆಂಡತಿ ಹಮೀದುನ್ನಿಸಾ, ತಾಯಿ ವಜೀರಬೀ ಜೊತೆಗೆ ಹೋದರು. ಇಮಾರತಿನ ಹಿಂದೆ ಇರಲು ತಗಡಿನ ಶೆಡ್ಡು ಕೊಟ್ಟಿದ್ದರು. ನಮ್ಮ ಓಣಿಯಲ್ಲಿ ಆ ವರ್ಷ ಬೀಗ ಬಿದ್ದ ಬಾಗಿಲು ಅದೊಂದೇ ಅಲ್ಲ.

ಅವರು ಹೋದ ಮೇಲೆ ಅತ್ತೆ ಗೋಡೆಯ ಕಡೆ ಬೆನ್ನು ಮಾಡಿ ಕೂಡಲು ಶುರುಮಾಡಿದರು. ಮಣೆ ಹಾಕಲಿಲ್ಲ. ಬೀದರದ ಹತ್ತಿರದ ಕೊಳಾರದ ಫ್ಯಾಕ್ಟರಿಗೆ ದಿನಾ ಹೋಗಿ ಬರುವ ನಮ್ಮವರು ಅದನ್ನು ನೋಡಿ ತಮ್ಮ ಹಳೆಯ ಫೋನನ್ನು ಅವರಿಗೆ ಕೊಟ್ಟು, ಅದರಲ್ಲಿ ಆಟ ಹಾಕಿಕೊಡೆಂದು ನನಗೆ ಹೇಳಿದರು. ಅತ್ತ ವಜೀರಬೀಗೂ ಮಗನ ಹಳೆಯ ಫೋನು ಸಿಕ್ಕಿತು.

ಮೊದಲು ಬ್ರೌಸರಿನಲ್ಲಿ ಆಡಿಸಿದೆ. ನಮ್ಮವರು ಎಂದೋ ತೆರೆದು ಬಿಟ್ಟ ಪುಟಗಳೆಲ್ಲ ಅದರಲ್ಲಿ ಹಾಗೇ ಇದ್ದವು. ಕಾಯಿ ಒತ್ತಿದರೆ ಅದು ಸ್ವಲ್ಪ ಹೊತ್ತು ವಿಚಾರ ಮಾಡಿ ಆಮೇಲೆ ನಡೆಯುತ್ತಿತ್ತು. ಪುಟಗಳನ್ನು ಮುಚ್ಚಿದೆ, ಕೂಡಿಬಿದ್ದಿದ್ದ ಕ್ಯಾಶೆ ಅಳಿಸಿದೆ. ಡೆಸ್ಕ್‌ಟಾಪ್ ಸೈಟ್ ಎಂಬುದಕ್ಕೆ ಗುರುತು ಹಾಕಿದ್ದರಿಂದ ಮಣೆ ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು, ಆ ಗುರುತು ತೆಗೆದೆ. ಆದರೂ ಆಟ ತಡವರಿಸಿತು. ಕೊನೆಗೆ ಆ್ಯಪ್ ಇಳಿಸಿಕೊಂಡೆ. ಅದರಲ್ಲಿ ಕಾಯಿ ಜಾರಿಕೊಂಡು ಹೋಗುವ ಬೆಡಗನ್ನು ನಿಲ್ಲಿಸಿ, ತಟ್ಟನೆ ಹೋಗಿ ಕೂಡುವ ಹಾಗೆ ಮಾಡಿದೆ. ಹೊಳೆಯುವ ಮರದ ಮಣೆ ತೆಗೆದು ಸಾದಾ ಮಣೆ ಇಟ್ಟೆ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನು ನಡುವೆ ಮಲಗಿಸುತ್ತಿತ್ತು; ಇದೊಂದನ್ನು ಮಲಗಿಸಬೇಡ ಎಂದು ಅದಕ್ಕೆ ಹೇಳಿದೆ. ಡೇಟಾ ಸೇವರ್ ಬಂದ್ ಮಾಡಿದೆ, ಪರದೆ ಬೇಗ ಆರದಂತೆ ಮಾಡಿದೆ. ಅತ್ತೆಯ ದಪ್ಪ ಬೆರಳು ಒಂದು ಮನೆಗೆ ಹೊರಟು ಪಕ್ಕದ ಮನೆ ಒತ್ತುತ್ತಿತ್ತು. ಅದಕ್ಕೆ, ನಡೆ ಸರಿಯೇ ಎಂದು ಕೇಳಿ, ಇನ್ನೊಮ್ಮೆ ಒತ್ತಿದ ಮೇಲೆಯೇ ಕಾಯಿ ಹೋಗುವ ಹಾಗೆ ಇಟ್ಟೆ. ಗಡಿಯಾರವನ್ನು ಎಷ್ಟು ಉದ್ದ ಇಡಲು ಬರುತ್ತದೋ ಅಷ್ಟು ಉದ್ದ ಇಟ್ಟೆ. ದಿನಕ್ಕೊಂದು ನಡೆ ಆಡುವ ಅನುಕೂಲವೂ ಇತ್ತು, ಆದರೆ ಅತ್ತೆ ಒಪ್ಪಲಿಲ್ಲ. ಅದು ಆಟವಲ್ಲ, ಕಾಗದ ಬರೆಯುವುದು ಎಂದರು. ಇದೆಲ್ಲವನ್ನೂ ಮೆಸೇಜಿನಲ್ಲಿ ಬರೆದು ಅಬ್ದುಲ ಖಾದರನಿಗೆ ಕಳಿಸಿದೆ. ವೈರುಗಳ ಕೈ ಅವನದು, ತಾಯಿಯ ಫೋನಿಗೂ ಹಾಗೇ ಮಾಡಿಕೊಟ್ಟ.

ಆ್ಯಪಿನಲ್ಲಿ ರಾಜ ಕುದುರೆಯ ಹಾಗೆ ಜಿಗಿಯುವುದಿಲ್ಲ. ಸಿಪಾಯಿ ಬೇಕೆಂದರೆ ಮೊದಲು ಎರಡು ಮನೆ ಓಡುತ್ತದೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದರಾಗ ರಾಜಾಗ ಕಾಲಿಲ್ಲ, ಸಿಪಾಯಿಗಿ ಪುರಸೊತ್ತಿಲ್ಲ" ಎಂದರು. ಆಮೇಲೆ ಆಡಲು ಕೂತರು.

ಆಟ ಚೆನ್ನಾಗಿ ಶುರುವಾಗುತ್ತಿತ್ತು. ಮೈತ್ರಿ ಫೋನು ಕಂಡರೆ ಬಿಡುವವಳಲ್ಲ, ಅದಕ್ಕೆ ಆ ಹೊತ್ತಿಗೆ ನಾನು ಅವಳನ್ನು ಎತ್ತಿಕೊಂಡು ಹಿತ್ತಲಿಗೋ ಮಾಳಿಗೆಗೋ ಹೋಗುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಆಟ ಮುರಿದಿರುತ್ತಿತ್ತು. ಎದುರಾಳಿ ಬಿಟ್ಟುಹೋಗಿದ್ದಾರೆ, ನೀವು ಗೆದ್ದಿದ್ದೀರಿ ಎಂದು ಪರದೆಯ ಮೇಲೆ ಬಂದಿರುತ್ತಿತ್ತು. ಗೆದ್ದವರ ಮುಖ ಗೆದ್ದವರ ಹಾಗಿರುತ್ತಿರಲಿಲ್ಲ. ಆಡುವಾಗ ಫೋನಿನಲ್ಲಿ ಬೇರೆ ಏನಾದರೂ ತೆರೆದಿದ್ದಿರಾ ಎಂದು ಕೇಳಿದರೆ ಇಲ್ಲ ಎನ್ನುತ್ತಿದ್ದರು. ನಾನು ಸೆಟ್ಟಿಂಗಿನೊಳಗೆ ಹೋಗಿ ಮತ್ತೇನನ್ನೋ ತಿರುವುತ್ತಿದ್ದೆ. ಆ್ಯಪು ತೆಗೆದು ಮತ್ತೆ ಹಾಕಿದೆ. ನೋಟಿಫಿಕೇಶನ್ನುಗಳನ್ನೆಲ್ಲ ಬಂದ್ ಮಾಡಿದೆ. ಒಂದು ದಿನ ಅವಸರದಲ್ಲಿ ಮೈತ್ರಿಯ ಒಂದಿಷ್ಟು ಫೋಟೋಗಳೂ ಅಳಿಸಿಹೋದವು. ಆಟ ಮಾತ್ರ ಹಾಗೇ ಮುರಿಯುತ್ತಿತ್ತು. ಪ್ರತಿ ಸಲ ಸೋತವಳು ವಜೀರಬೀ.

ಒಂದು ಸಂಜೆ ಅವಳು ಅತ್ತೆಗೆ ಫೋನು ಮಾಡಿದಳು. ಅತ್ತೆ ಸ್ಪೀಕರ್ ಹಚ್ಚಿಯೇ ಮಾತಾಡುವವರು, ಅಡುಗೆಮನೆಯಲ್ಲಿದ್ದ ನನಗೂ ಕೇಳಿತು.

"ವೈನಿ, ನಾ ಇಲ್ಲೇ ಕುಂತಿರ್ತೇನಿ, ಇದು ನಾ ಎದ್ದು ಹೋದೆ ಅಂತದ. ನಿನ್ನ ಸೊಸಿ ಓದ್ದಾಕಿ. ಫೋನಿಗಿ ಏನೋ ಮಾಡ್ಯಾಳ, ನೀ ಗೆಲ್ಲಂಗ."

"ಅಕಿಗಿ ಸಿಪಾಯಿ ನಡಸ್ಲಾಕ ಬರಲ್ಲ, ಗೆಲ್ಲಸ್ಲಾಕ ಬರ್ತದೇನು?" ಎಂದರು ಅತ್ತೆ.

ಅದು ನನ್ನ ಪರವಾಗಿ ಆಡಿದ ಮಾತು ಎಂದು ಆಮೇಲೆ ಗೊತ್ತಾಯಿತು. ವಜೀರಬೀ ನಗಲಿಲ್ಲ. ಕೂತ ಜಾಗದಲ್ಲೇ ಎದ್ದುಹೋದವಳು ಅನ್ನಿಸಿಕೊಳ್ಳುವ ಆಟ ತನಗೆ ಬೇಡ ಎಂದಳು, ಫೋನು ಇಟ್ಟಳು. ಆಮೇಲೆ ಅತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ತಪ್ಪು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ ನನ್ನ ಫೋನಿಗೂ ಆ ಆ್ಯಪು ಹಾಕಿಕೊಂಡು, ನನ್ನ ಜೊತೆ ಆಡಿ ನೋಡೋಣ ಎಂದು ಅತ್ತೆಗೆ ಹೇಳಿದೆ. ಅವರು ಪಡಸಾಲೆಯಲ್ಲಿ, ನಾನು ಬಾಗಿಲ ಬಳಿ. ಆಟ ಎಲ್ಲಿಯೂ ತಡವರಿಸಲಿಲ್ಲ. ಬೇಗನೆ ನನ್ನ ರಾಜ ಸಿಕ್ಕಿಬಿದ್ದ. ಅತ್ತೆ ಶಹ ಎಂದರು, ಮತ್ತೆ ಶಹ ಎಂದರು, ನಾನು ಸೋತೆ. ಹಾಗಾದರೆ ನಮ್ಮ ಫೋನು ಸರಿ ಇದೆ, ಹೈದರಾಬಾದಿನ ಸಿಗ್ನಲ್ಲೇ ಕೆಟ್ಟದ್ದು ಎಂದುಕೊಂಡೆ. ಹಾಗೆಂದು ವಜೀರಬೀಗೆ ಹೇಳುವುದು ಹೇಗೆ? ಶೆಡ್ಡಿನಲ್ಲಿರುವವಳಿಗೆ, ನಿನ್ನ ಶೆಡ್ಡೇ ಸರಿಯಿಲ್ಲ ಎಂದ ಹಾಗೆ.

ಇನ್ನೊಂದು ಆಟ ಆಡೋಣ ಎಂದರು ಅತ್ತೆ. ಅಷ್ಟರಲ್ಲಿ ಟ್ಯಾಂಕರು ಬರುವ ಹೊತ್ತಾಯಿತು. ಓಣಿಯ ತಿರುವು ಕಾಣುವುದು ಮಾಳಿಗೆಯಿಂದ ಮಾತ್ರ. ಮೈತ್ರಿಯನ್ನು ಸೊಂಟಕ್ಕೆ ಹಾಕಿಕೊಂಡು, ಫೋನು ಹಿಡಿದು ಮೇಲೆ ಹೋದೆ. ಅಲ್ಲಿಂದಲೇ ನಡೆ ಒತ್ತುತ್ತ ನಿಂತೆ. ಕೆಳಗಿನಿಂದ ಅವರ ಮಂತ್ರಿ ಬಂದು ನನ್ನ ರಾಜನ ಎದುರು ನಿಂತಿತು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಕರೆ ಅತ್ತೆಯದು.

"ಶಹ" ಎಂದರು. "ಟ್ಯಾಂಕರ್ ಕಾಣ್ತದೇನು?"

ಕಾಣುವುದಿಲ್ಲ ಎಂದೆ. ಕೆಳಗಿನ ಓಣಿಯವರು ತಡೆದಿರಬೇಕು ಎಂದರು. ಹೋದ ಸಲವೂ ಹಾಗೇ ಮಾಡಿದ್ದರು ಎಂದರು. ಮೈತ್ರಿಯ ತಲೆಗೆ ಬಟ್ಟೆ ಹಾಕಿದ್ದೀಯಾ ಎಂದು ಕೇಳಿದರು. ಅವರು ಮಾತಾಡುತ್ತಿರುವಾಗ ನಾನು ಪರದೆ ನೋಡಿದೆ. ಮಣೆ ಮಂಕಾಗಿತ್ತು. ಅದರ ನಡುವೆ ಒಂದು ಚಕ್ರ ತಿರುಗುತ್ತಿತ್ತು. ಕರೆ ಮುಗಿದು ಸ್ವಲ್ಪ ಹೊತ್ತಿಗೆ ನೆಟ್ಟು ಬಂದಾಗ, ನಾನು ಆಟ ಬಿಟ್ಟುಹೋಗಿದ್ದೇನೆ, ಸೋತಿದ್ದೇನೆ ಎಂದು ಆ್ಯಪು ನನಗೇ ಹೇಳಿತು.

ನಮ್ಮ ಮನೆಯ ಫೋನುಗಳಲ್ಲೆಲ್ಲ ಎರಡೆರಡು ಸಿಮ್ಮು. ಮಾತಿಗೆ ಎಲ್ಲರಿಗೂ ಗೊತ್ತಿರುವ ಹಳೆಯ ನಂಬರು, ನೆಟ್ಟಿಗೆ ಹೊಸ ನಂಬರು. ಅಬ್ದುಲ ಖಾದರನ ಮನೆಯಲ್ಲೂ ಹಾಗೇ. ಹಳೆಯ ಸಿಮ್ಮಿನಲ್ಲಿ ಮಾತು ನಡೆದಷ್ಟು ಹೊತ್ತು ಹೊಸ ಸಿಮ್ಮಿನ ನೆಟ್ಟು ನಿಂತಿರುತ್ತದೆ. ನಾನು ಸೆಟ್ಟಿಂಗುಗಳನ್ನೆಲ್ಲ ಶೋಧಿಸಿದ್ದೆ, ಇದೊಂದು ಹೊಳೆದಿರಲಿಲ್ಲ.

ಕೆಳಗೆ ಬಂದು, ವಜೀರಬೀಗೂ ಹೀಗೆ ಫೋನು ಮಾಡುತ್ತಿದ್ದಿರಾ ಎಂದು ಕೇಳಿದೆ.

"ಮತ್ತ? ಅಲ್ಲಿತನ ಕೇಳಂಗ ಒದರ್ಲಾಕ ಆಗ್ತದೇನು?"

ಫೋನಿನಲ್ಲಿ ಬೇರೆ ಏನೂ ತೆರೆದಿಲ್ಲ ಎಂದಿದ್ದಿರಲ್ಲ ಎಂದೆ. ಶಹ ಹೇಳುವುದು ಬೇರೆ ಹೇಗಾಗುತ್ತದೆ, ಅದು ಆಟದೊಳಗಿನದೇ ಅಲ್ಲವೇ ಎಂದು ಅವರು ತಿರುಗಿ ಕೇಳಿದರು. ಕೂತು ಎಲ್ಲ ಬಿಡಿಸಿ ಹೇಳಿದೆ. ನೀವು ಶಹ ಕೊಡುತ್ತೀರಿ, ಹೇಳಲು ಫೋನು ಮಾಡುತ್ತೀರಿ, ಎರಡೂ ಕಡೆ ನೆಟ್ಟು ಹೋಗುತ್ತದೆ, ಆದರೆ ನಡೆಯುವ ಸರದಿ ಅವರದು. ಶಹ ಹೇಳಿದ ಮೇಲೆ ಹಮೀದಾ ಏನು ಅಡುಗೆ ಮಾಡಿದಳು ಎಂದೂ ಕೇಳುತ್ತೀರಿ. ಅಷ್ಟರಲ್ಲಿ ಅವರು ಎದ್ದುಹೋದರೆಂದು ಆ್ಯಪು ತೀರ್ಮಾನ ಮಾಡುತ್ತದೆ. ನೆಟ್ಟಿನ ಮೇಲೆಯೇ ಮಾತಾಡಬಹುದಿತ್ತು, ಆದರೆ ಆ ಶೆಡ್ಡಿನ ಸಿಗ್ನಲ್ಲು ಆಟವನ್ನೂ ಮಾತನ್ನೂ ಒಟ್ಟಿಗೆ ತಡೆಯುವುದಿಲ್ಲ.

ಅತ್ತೆ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟರು.

"ಅಂದ್ರ ಅಕಿನ್ನ ಎಬ್ಬಿಸಿ ಕಳಿಸ್ದಾಕಿ ನಾನೇ" ಎಂದರು.

ಶಹ ಬಂದರೆ ಆ್ಯಪೇ ರಾಜನ ಮನೆ ಕೆಂಪು ಮಾಡಿ ತೋರಿಸುತ್ತದೆ, ಹೇಳದಿದ್ದರೂ ನಡೆಯುತ್ತದೆ ಎಂದೆ. ಅವರು ನನ್ನ ಮುಖ ನೋಡಿದರು. ರಾಜನ ಜಿಗಿತ ಬಿಟ್ಟೆ, ಸಿಪಾಯಿ ಓಡಿದರೂ ಸುಮ್ಮನಿದ್ದೆ, ಇದನ್ನೂ ಬಿಟ್ಟರೆ ತಾನು ಯಾರ ಜೊತೆ ಆಡಿದ ಹಾಗಾಯಿತು ಎಂದರು. ಹೇಳದೆ ಶಹ ಕೊಡುವುದಿಲ್ಲವಂತೆ.

ಎಲ್ಲವನ್ನೂ ಉದ್ದಕ್ಕೆ ಬರೆದು ಅಬ್ದುಲ ಖಾದರನಿಗೆ ಮೆಸೇಜು ಕಳಿಸಿದೆ. ಮರುದಿನ ಉತ್ತರ ಬಂತು. ಅಮ್ಮಿಗೆ ಓದಿ ಹೇಳಿದೆ, ಬರೆದದ್ದು ಲೆಕ್ಕಕ್ಕಿಲ್ಲ ಅನ್ನುತ್ತಾಳೆ, ಹೇಳುವುದಿದ್ದರೆ ಆ ಹುಡುಗಿ ಬಾಯಿಬಿಟ್ಟು ಹೇಳಲಿ ಅನ್ನುತ್ತಾಳೆ. ಅಮ್ಮಿ ತನ್ನ ಫೋನನ್ನು ಪೆಟ್ಟಿಗೆಯಲ್ಲಿಟ್ಟಿದ್ದಾಳೆ, ಮುಟ್ಟುವುದಿಲ್ಲ, ಹಮೀದಾಳ ಫೋನಿಗೆ ಮಾಡಿರಿ. ಕೆಳಗೆ ಹಮೀದುನ್ನಿಸಾಳ ಬಟನ್ ಫೋನಿನ ನಂಬರಿತ್ತು.

ಫೋನಿನಲ್ಲಿ ಮಾತಾಡುವುದು ನನಗೆ ಮೊದಲಿಂದಲೂ ಆಗದ ಕೆಲಸ. ಎದುರಿನವರ ಮುಖ ಕಾಣುವುದಿಲ್ಲ, ಸುಮ್ಮನಾದರೆ ಸಿಟ್ಟೋ ಸಿಗ್ನಲ್ಲೋ ತಿಳಿಯುವುದಿಲ್ಲ. ನಾನು ಏನೋ ಮಾಡಿದ್ದೇನೆ ಎಂದು ಮೊದಲೇ ಅಂದವಳಿಗೆ ನಾನಾಗಿ ಫೋನು ಮಾಡಿದರೆ ಒಪ್ಪಿಕೊಂಡ ಹಾಗಾಗುವುದಿಲ್ಲವೇ ಎಂದೂ ಅನ್ನಿಸಿತು. ಒಂದು ದಿನ ಮೈತ್ರಿಗೆ ಮೈ ಬೆಚ್ಚಗಿತ್ತು, ಬಿಟ್ಟೆ. ಮರುದಿನ ಟ್ಯಾಂಕರು ಬಂತು, ಬಿಟ್ಟೆ. ಅತ್ತೆ ಮಾಡೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೀಗೇ ದಿನ ಕಳೆದವು.

ಆಮೇಲೊಂದು ಮಧ್ಯಾಹ್ನ ಅವರು ತಮ್ಮ ಫೋನನ್ನು ತಂದು ನನ್ನ ಮುಂದಿಟ್ಟರು.

"ಸುಜಾತಾ, ಇದರಾಗಿನ ಆಟ ತಗದುಬಿಡು. ತಗದ್ರ ಅಕಿಗಿ ಗೊತ್ತಾಗ್ತದೇನು?"

ಗೊತ್ತಾಗುವುದಿಲ್ಲ ಎಂದೆ.

"ಹಂಗಾರ ತಗಿ."

ಆ್ಯಪಿನ ಮೇಲೆ ಬೆರಳು ಒತ್ತಿ ಹಿಡಿದೆ. ತೆಗೆಯಬೇಕೆ ಎಂದು ಫೋನು ಕೇಳಿತು. ಅತ್ತೆ ಪಕ್ಕದಲ್ಲಿ ನಿಂತು ಗೋಡೆಯ ಕಡೆ ನೋಡುತ್ತಿದ್ದರು. ಬೇಡ ಎಂದು ಒತ್ತಿ, ಫೋನನ್ನು ಅವರ ಕೈಗೆ ಕೊಟ್ಟು, ಪಡಸಾಲೆಯಲ್ಲಿ ಕೂಡಿರಿ ಎಂದೆ. ಮೈತ್ರಿಯನ್ನು ಸೊಂಟಕ್ಕೆ ಹಾಕಿಕೊಂಡು, ನನ್ನ ಫೋನಿನಿಂದ ಹಮೀದುನ್ನಿಸಾಳಿಗೆ ಕರೆ ಮಾಡಿದೆ.

ಅವಳು ಎತ್ತಿದಳು. ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು. ಭಾಲ್ಕಿಯಿಂದ ಎಂದೊಡನೆ ಫೋನು ಕೈ ಬದಲಾಯಿತು.

"ಖಾಲಾ, ನಾ ಸುಜಾತಾ ರೀ."

"ಗೊತ್ತದ. ನಿನಗೂ ಬಾಯಿ ಅದ ಅಂದಂಗಾತು."

ಬರೆದದ್ದನ್ನೆಲ್ಲ ಬಾಯಿಯಿಂದ ಹೇಳಿದೆ. ನಡುವೆ ತಡವರಿಸಿದೆ. ಯಂತ್ರ ತಿರುಗುತ್ತಲೇ ಇತ್ತು.

"ಅಂದ್ರ ಅಕಿ ಶಹ ಹೇಳಿದ್ದಕ್ಕ ನಾ ಸೋತೆ?"

"ಹೌದ್ರಿ."

"ಹೇಳ್ದೇ ಇದ್ರ ಆಟ ಮುರೀತಿರಲಿಲ್ಲ?"

"ಮುರೀತಿರಲಿಲ್ಲರಿ. ಆದ್ರ ಹೇಳ್ದೆ ಕೊಡಂಗಿಲ್ಲ ಅಂತಾರ್ರಿ ಅವರು."

"ಕೊಡಬಾರ್ದು" ಎಂದಳು ವಜೀರಬೀ. ಆಮೇಲೆ ಕೇಳಿದಳು, "ವೈನಿ ಎಲ್ಲಿ ಅದಾಳ?"

ಪಡಸಾಲೆಯಲ್ಲಿ ಕೂತಿದ್ದಾರೆ, ಆಟದ ಫೋನು ಅವರ ಕೈಯಲ್ಲಿದೆ ಎಂದೆ. ನೀವು ನಿಮ್ಮ ಫೋನಿನಲ್ಲಿ ಆಡಿರಿ, ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಶಹ ಬಂದರೆ ನಾನು ಹಮೀದಾ ಭಾಬಿಯ ಈ ಫೋನಿಗೆ ಹೇಳುತ್ತೇನೆ, ಅವರು ನಿಮಗೆ ಹೇಳಲಿ ಎಂದೆ.

"ಅಂದ್ರ ಆಡೋರು ನಾವು, ಒದರೋರು ಸೊಸ್ತೇರು."

"ಹೌದ್ರಿ ಖಾಲಾ."

"ಇಡಬ್ಯಾಡ ಫೋನ. ಹಿಡಕೊಂಡೇ ಇರು."

ಪೆಟ್ಟಿಗೆ ತೆರೆದ ಸದ್ದಾಯಿತು. ಫೋನು ಹಮೀದುನ್ನಿಸಾಳ ಕೈಗೆ ಹೋಯಿತು. ಪಡಸಾಲೆಯಲ್ಲಿ ಅತ್ತೆಯ ಪರದೆಯ ಮೇಲೆ ಬಿಳಿ ಸಿಪಾಯಿ ಒಂದು ಮನೆ ಮುಂದೆ ಬಂತು. ಕರಿ ಸಿಪಾಯಿಯೂ ಒಂದೇ ಮನೆ ಬಂತು. ಎರಡು ಮನೆ ಓಡುವ ಅನುಕೂಲ ಇಬ್ಬರಿಗೂ ಬೇಕಿರಲಿಲ್ಲ. ಅಲ್ಲಿ ಬಿಸಿಲು ಹೇಗಿದೆ ಎಂದು ಹಮೀದುನ್ನಿಸಾಳನ್ನು ಕೇಳಿದೆ. ಶೆಡ್ಡಿನ ಮೇಲೆ ಗೋಣಿಚೀಲ ಹಾಸಿ ನೀರು ಚಿಮುಕಿಸುತ್ತೇವೆ, ಕೆಲಸಕ್ಕೆ ಬರುವ ನೀರು ಇದಕ್ಕೂ ಆಗುತ್ತದೆ ಎಂದಳು. ಮೈತ್ರಿ ನಡೆಯುತ್ತಾಳೆಯೇ ಎಂದಳು. ಡ್ರಮ್ಮುಗಳ ಭಯ ಅವಳಿಗೆ ಹೇಳಿದೆ. ಮುಚ್ಚಳದ ಮೇಲೆ ರುಬ್ಬುವ ಗುಂಡು ಇಡಿರಿ ಎಂದಳು.

"ಶಹ" ಎಂದರು ಅತ್ತೆ ಪಡಸಾಲೆಯಿಂದ.

"ಶಹ ರೀ, ಭಾಬಿ" ಎಂದೆ.

"ಅಮ್ಮಿ, ಶಹ" ಎಂದಳು ಹಮೀದುನ್ನಿಸಾ ಅಲ್ಲಿ.

ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡಿದೆ. ಮಣೆ ಮಂಕಾಗಲಿಲ್ಲ. ವಜೀರಬೀಯ ಗಡಿಯಾರ ನಡೆಯುತ್ತಿತ್ತು. ಕರಿ ರಾಜ ತಟ್ಟನೆ ಪಕ್ಕದ ಮನೆಗೆ ಬಂದು ಕೂತ. ಆಮೇಲೆ ಯಂತ್ರದ ಸದ್ದಿನಾಚೆಯಿಂದ ವಜೀರಬೀಯ ದನಿ ಬಂತು.

"ಕೇಳ್ಸ್ತು ಅನ್ನು. ನಿಮ್ಮಿಬ್ಬರಕಿಂತ ಮೊದಲ ವೈನಿ ದನಿನೇ ಕೇಳ್ಸ್ತು ಅನ್ನು."